ಏಕಾಂಗಜ್ಞನೂ ಸಾಮಾನ್ಯವೈದ್ಯನೂ

ಒಂದು ಶಾಸ್ತ್ರವನ್ನು ಅದರ ಸಕಲಾಂಗಗಳೊಡನೆ ಅಭ್ಯಾಸಮಾಡಿದವನು ಮೇಲೋ, ಒಂದೇ ಅಂಗವನ್ನು ಹಿಡಿದು ಅದರಲ್ಲಿಯೇ ಆಯುಷ್ಯವನ್ನು ಸವೆಯಿಸಿದವನು ಮೇಲೋ ಎಂಬ ಚರ್ಚೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ನ್ಯಾಯವಾದಿಗಳಲ್ಲಿಯೂ ಶಿಲ್ಪಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಇದು ಆಗಾಗ್ಗೆ ತಲೆಯೆತ್ತುವುದುಂಟು. ಆದರೆ ಉಳಿದ ವೃತ್ತಿಗಳಲ್ಲಿ ಅರೆಕಲಿಕೆಯ ಫಲವು ಹಣದ ಮೇಲೋ ಮಾನದ ಮೇಲೋ ಬಿದ್ದರೆ, ವೈದ್ಯವೃತ್ತಿಯಲ್ಲಿ ಅದು ರೋಗಿಯ ದೇಹದ ಮೇಲೆಯೇ ಬೀಳುತ್ತದೆ. ಆದುದರಿಂದ ಈ ವಿಚಾರವನ್ನು ಕುರಿತು ಹಿಂದಿನವರು ಅತ್ಯಂತ ಎಚ್ಚರದಿಂದ ಆಲೋಚಿಸಿದುದು ವೈದ್ಯಗ್ರಂಥಗಳಲ್ಲಿಯೇ ಎಂದರೆ ತಪ್ಪಾಗದು.

ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಈಜಿಪ್ಟ್ ದೇಶದ ವಿಷಯವನ್ನು ಬರೆಯುತ್ತ, ಅಲ್ಲಿ ಒಬ್ಬ ವೈದ್ಯನು ಒಂದೇ ರೋಗಕ್ಕೆ ಮದ್ದು ಕೊಡುವನೆಂದೂ, ಕಣ್ಣಿಗೊಬ್ಬ, ತಲೆಗೊಬ್ಬ, ಹಲ್ಲಿಗೊಬ್ಬ, ಹೊಟ್ಟೆಗೊಬ್ಬ ಹೀಗೆ ನಾಡೆಲ್ಲ ವೈದ್ಯರಿಂದ ತುಂಬಿರುವುದೆಂದೂ ಹೇಳಿದ್ದಾನೆ. ಅವರು ಹೇಗೆ ಕಲಿತರು, ಒಬ್ಬ ರೋಗಿಗೆ ಕಣ್ಣೂ ಹೊಟ್ಟೆಯೂ ಒಟ್ಟಿಗೆ ಕೆಟ್ಟಾಗ ಏನು ಮಾಡುತ್ತಿದ್ದರು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರವು ದೊರೆಯುವುದು ನಮ್ಮ ಆಯುರ್ವೇದದ ಸಂಹಿತೆಗಳಲ್ಲಿ.

ಆಯುರ್ವೇದಕ್ಕೆ ಎಂಟು ಅಂಗಗಳೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಶಸ್ತ್ರದಿಂದ ಸಾಧ್ಯವಾದ ಶಲ್ಯ, ಕಣ್ಣು, ಕಿವಿ, ಮೂಗು, ಬಾಯಿ ಮೊದಲಾದ ಕೊರಳಿನ ಮೇಲಣ ಅವಯವಗಳಿಗೆ ಸೇರಿದ ಶಾಲಾಕ್ಯ, ಜ್ವರಾದಿಗಳನ್ನು ನೋಡುವ ಕಾಯಚಿಕಿತ್ಸೆ, ಭೂತವಿದ್ಯೆ, ಶಿಶುಗಳ ಪೋಷಣೆಯಾದ ಕೌಮಾರಭೃತ್ಯ, ವಿಷವನ್ನು ಪರಿಹರಿಸುವ ಅಗದತಂತ್ರ, ರಸಾಯನ, ವಾಜೀಕರಣ. ಇವುಗಳಲ್ಲಿ ಚರಕಸಂಹಿತೆಯು ಮುಖ್ಯವಾಗಿ ಕಾಯಚಿಕಿತ್ಸೆಯನ್ನೂ ಸುಶ್ರುತಸಂಹಿತೆಯು ಮುಖ್ಯವಾಗಿ ಶಲ್ಯವನ್ನೂ ಅವಲಂಬಿಸಿವೆ. ಇಲ್ಲಿ ಗಮನಿಸತಕ್ಕುದು, ಚರಕನು ತನ್ನ ಎಲ್ಲೆಯನ್ನು ತಾನೇ ಅರಿತು ನಡೆದ ರೀತಿ. ಗುಲ್ಮರೋಗವು ಪಕ್ವವಾಗಿ ಕೀವು ಕಟ್ಟಿದ ಮೇಲೆ ಅದನ್ನು ಸೀಳಿ ಶೋಧಿಸಿ ಮಾಯಿಸುವ ಅಧಿಕಾರವು ಧನ್ವಂತರಿ ಸಂಪ್ರದಾಯದವರದೆಂದು ಅವನು ಚಿಕಿತ್ಸಾಸ್ಥಾನದಲ್ಲಿ ಬಿಟ್ಟುಕೊಡುತ್ತಾನೆ. ನೇತ್ರರೋಗಗಳ ಪ್ರಸಂಗದಲ್ಲಿಯೂ ಇದು ಪರರ ಅಧಿಕಾರಕ್ಕೆ ಸೇರಿದುದು, ಇಲ್ಲಿ ವಿಸ್ತರಿಸುವುದು ಯುಕ್ತವಲ್ಲವೆಂದು ನಿಲ್ಲಿಸುತ್ತಾನೆ. ಸಾಮಾನ್ಯವೈದ್ಯನು ತನ್ನ ಕೈಲಾಗದ ರೋಗಿಯನ್ನು ತಜ್ಞನ ಬಳಿಗೆ ಕಳುಹಿಸುವ ಪದ್ಧತಿಯು ಇಂದಿನ ಆಸ್ಪತ್ರೆಗಳ ಹೊಸ ಕಲ್ಪನೆಯೆಂದು ಭಾವಿಸುವವರು ಈ ಎರಡು ಸ್ಥಳಗಳನ್ನು ನೋಡಬೇಕು. ಕಳುಹಿಸುವುದಕ್ಕೂ ಒಂದು ವಿದ್ಯೆ ಬೇಕು. ಗುಲ್ಮವು ಪಕ್ವವಾಯಿತೋ ಇಲ್ಲವೋ ಎಂಬುದನ್ನು ತಿಳಿಯದವನು ಯಾರ ಬಳಿಗೆ ಯಾವಾಗ ಕಳುಹಿಸಿಯಾನು?

ಸುಶ್ರುತನ ಮಾರ್ಗವು ಬೇರೆ. ಅವನದು ಶಸ್ತ್ರವನ್ನು ಹಿಡಿಯುವವರ ಗ್ರಂಥ. ಆದರೂ ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿಶ್ಚಯವೂ ತಿಳಿಯಲಾರದು, ಆದುದರಿಂದ ವೈದ್ಯನು ಬಹುಶ್ರುತನಾಗಬೇಕೆಂಬುದು ಅವನ ಮತ. ಹಾಗೆಂದು ಎಲ್ಲವನ್ನೂ ಒಂದೇ ಗ್ರಂಥದಲ್ಲಿ ತುಂಬುವ ಹಟವೂ ಅವನಿಗಿಲ್ಲ. ಬೇರೆ ಶಾಸ್ತ್ರದ ವಿಷಯವು ನಡುವೆ ಬಂದರೆ ಅದನ್ನು ಆ ಶಾಸ್ತ್ರವನ್ನು ಬಲ್ಲವರ ಬಾಯಿಂದಲೇ ಕೇಳಿ ತಿಳಿಯಬೇಕೆಂದು ವಿಧಿಸುತ್ತಾನೆ. ಬಹುಶ್ರುತತ್ವವೆಂದರೆ ಎಲ್ಲವನ್ನೂ ತಾನೇ ಮಾಡುವುದಲ್ಲ, ಯಾರನ್ನು ಕೇಳಬೇಕೆಂಬುದನ್ನು ಬಲ್ಲುದು ಎಂಬ ಅಭಿಪ್ರಾಯವು ಇಲ್ಲಿ ಅಡಗಿದೆ.

ಇನ್ನು ಅವನು ಹೇಳುವ ಶಿಕ್ಷಣಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಶಿಷ್ಯನು ಶಾಸ್ತ್ರವನ್ನೆಲ್ಲ ಓದಿ ಅರ್ಥಮಾಡಿಕೊಂಡಿದ್ದರೂ ಕೈಯ ಅಭ್ಯಾಸವಿಲ್ಲದಿದ್ದರೆ ಅವನು ಕರ್ಮಕ್ಕೆ ಅಯೋಗ್ಯನು. ಈ ಅಭ್ಯಾಸಕ್ಕೆ ‘ಯೋಗ್ಯಾ’ ಎಂದು ಹೆಸರು. ಕತ್ತರಿಸುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಿನ ಚೀಲಗಳ ಮೇಲೂ, ಕೆರೆಯುವುದನ್ನು ರೋಮಸಹಿತವಾಗಿ ಬಿಗಿದು ಹರಡಿದ ಚರ್ಮದ ಮೇಲೂ, ಚುಚ್ಚಿ ರಕ್ತ ತೆಗೆಯುವುದನ್ನು ಸತ್ತ ಪ್ರಾಣಿಗಳ ಸಿರೆಗಳಲ್ಲಿಯೂ ನೈದಿಲೆಯ ದಂಟುಗಳಲ್ಲಿಯೂ ಅಭ್ಯಾಸಮಾಡಬೇಕು. ಗಾಯದ ಆಳವನ್ನು ಶಲಾಕೆಯಿಂದ ಹುಡುಕುವ ಕೆಲಸಕ್ಕೆ ಹುಳು ಕೊರೆದ ಮರವೂ ಬಿದಿರೂ ಒಣಗಿದ ಸೋರೆಯ ಬಾಯಿಯೂ ತಕ್ಕವು. ಹೊಕ್ಕ ವಸ್ತುವನ್ನು ಕೀಳುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು ಮತ್ತು ಸತ್ತ ಪ್ರಾಣಿಯ ಹಲ್ಲು. ಸ್ರಾವ ಮಾಡಿಸುವುದಕ್ಕೆ ಜೇನುಮೇಣವನ್ನು ಬಳಿದ ಬೂರುಗದ ಹಲಗೆ. ಹೊಲಿಗೆಗೆ ತೆಳ್ಳನೆಯ ಮತ್ತು ದಪ್ಪನೆಯ ಬಟ್ಟೆಯ ಅಂಚುಗಳು. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಪಾಠಶಾಲೆಗಳಲ್ಲಿ ಈ ಅಧ್ಯಾಯವನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಗಳು ಎಷ್ಟೋ ಮಂದಿ ಆಗಿಹೋದರು. ಅವರಲ್ಲಿ ಹಲವರು ಸೌತೆಯ ಕಾಯಿಗೆ ಕತ್ತಿಯನ್ನು ಸೋಕಿಸಿದುದು ಕೋಸಂಬರಿಗೆ ಮಾತ್ರ!

ದೇಹದ ಒಳರಚನೆಯನ್ನು ಅರಿಯುವುದಕ್ಕೂ ಸುಶ್ರುತನು ಕಣ್ಣನ್ನೇ ಪ್ರಮಾಣವಾಗಿಟ್ಟನು. ಅಂಗಾಂಗಗಳು ಸಂಪೂರ್ಣವಾಗಿದ್ದು, ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ, ಅತಿವೃದ್ಧನಲ್ಲದವನ ಶವವನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ದರ್ಭೆ ನಾರು ಮೊದಲಾದುವುಗಳಿಂದ ಸುತ್ತಿ, ಪಂಜರದೊಳಗಿಟ್ಟು ಹರಿಯುವ ನದಿಯ ಮರೆಯಾದ ಸ್ಥಳದಲ್ಲಿ ನೆನೆಯಿಸಬೇಕು. ಏಳು ರಾತ್ರಿಗಳ ಮೇಲೆ ಹೊರತೆಗೆದು, ಲಾವಂಚ ಬಿದಿರು ಮುಂತಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಳಗಿನದೆಲ್ಲವನ್ನೂ ನೋಡಬೇಕು. ಇಷ್ಟೆಲ್ಲ ಆದ ಮೇಲೆ ರಾಜನ ಅನುಜ್ಞೆಯನ್ನು ಪಡೆದು ವೃತ್ತಿಗೆ ಇಳಿಯಬೇಕು. ಓದು ಬಲ್ಲವನಾಗಿ ಕೈ ಅರಿಯದವನು ರೋಗಿಯ ಮುಂದೆ ರಣರಂಗದ ಹೇಡಿಯಂತೆ ತಬ್ಬಿಬ್ಬಾಗುವನೆಂದೂ, ಕೈ ಬಲ್ಲವನಾಗಿ ಓದರಿಯದವನು ಅರಸನಿಂದ ದಂಡನೆಗೆ ಅರ್ಹನೆಂದೂ ಹೇಳಿ, ಇಬ್ಬರನ್ನೂ ಒಂದೇ ರೆಕ್ಕೆಯ ಹಕ್ಕಿಗೆ ಅವನು ಹೋಲಿಸಿದ್ದಾನೆ. ಈ ಹೋಲಿಕೆಯು ಮುಂದಣ ಚರಿತ್ರೆಯಲ್ಲಿ ಎಷ್ಟು ದಾರುಣವಾಗಿ ನಿಜವಾಯಿತೆಂಬುದನ್ನು ಮುಂದೆ ಕಾಣಬಹುದು.

ಅಂಗವಿಶೇಷಜ್ಞರು ಪುಸ್ತಕದಲ್ಲಿ ಮಾತ್ರವಲ್ಲದೆ ಲೋಕದಲ್ಲಿಯೂ ಇದ್ದರೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ಸಾಕ್ಷಿ. ಗರ್ಭಿಣಿಯಾದ ರಾಣಿಯ ಆರೈಕೆಗೆ ಕೌಮಾರಭೃತ್ಯನನ್ನೂ, ಅರಸನ ಸಮೀಪದಲ್ಲಿ ವಿಷವೈದ್ಯರನ್ನೂ, ಸೇನೆಯ ಹಿಂದೆ ಶಸ್ತ್ರ ತೈಲ ಪಟ್ಟಿಗಳೊಡನೆ ಚಿಕಿತ್ಸಕರನ್ನೂ ಅದು ನೇಮಿಸುತ್ತದೆ. ಇವರೆಲ್ಲ ಅರಮನೆಯ ಅನ್ನವನ್ನುಂಡವರೆಂಬುದನ್ನು ಮರೆಯಬಾರದು. ಒಂದೇ ಅಂಗದಲ್ಲಿ ನುರಿತವನು ಬದುಕಬೇಕಾದರೆ ಆ ಅಂಗದ ರೋಗಿಗಳು ಸಾಕಷ್ಟು ಮಂದಿ ಇರಬೇಕು, ಇಲ್ಲವೆ ಸಂಬಳ ಕೊಡುವ ಪ್ರಭುವಿರಬೇಕು. ಹಳ್ಳಿಯಲ್ಲಿ ಎರಡೂ ಇರಲಿಲ್ಲ. ಅಲ್ಲಿನ ವೈದ್ಯನು ಜ್ವರಕ್ಕೂ ಹಾವಿನ ಕಡಿತಕ್ಕೂ ಬಸುರಿಗೂ ಬಾಣಂತಿಗೂ, ಒಮ್ಮೊಮ್ಮೆ ಎಮ್ಮೆಗೂ, ಒಬ್ಬನೇ ಆಗಿದ್ದನು.

ಕರ್ಣಾಟಕದ ಮಟ್ಟಿಗೆ ಒಂದು ಅಮೂಲ್ಯವಾದ ಆಧಾರವು ಉಗ್ರಾದಿತ್ಯನ ‘ಕಲ್ಯಾಣಕಾರಕ’ದಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದೊಡನೆ ಸಂಬಂಧವಿದ್ದ ಈ ಜೈನಾಚಾರ್ಯನು ತನಗಿಂತ ಹಿಂದಿನವರನ್ನು ಅಂಗಾಂಗವಾಗಿ ಸ್ಮರಿಸುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷಗ್ರಹಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಬಾಲವೈದ್ಯಕ್ಕೆ ಮೇಘನಾದ, ವಾಜೀಕರಣ ರಸಾಯನಗಳಿಗೆ ಸಿಂಹನಾದ. ಎಂಟನ್ನೂ ಒಟ್ಟಾಗಿ ವಿಸ್ತರಿಸಿದವನು ಸಮಂತಭದ್ರನೆಂದೂ, ತಾನು ಅದನ್ನು ಸಂಗ್ರಹಿಸಿದವನೆಂದೂ ಅವನ ಹೇಳಿಕೆ. ಕನ್ನಡದಲ್ಲಿಯೂ ಒಂದೊಂದೇ ವಿಷಯವನ್ನು ಹಿಡಿದ ಗ್ರಂಥಗಳು ಹುಟ್ಟಿದುವು. ಸುಮಾರು 1125ರ ಕೀರ್ತಿವರ್ಮನ ‘ಗೋವೈದ್ಯ’ವು ದನಗಳಿಗೆ, ಸುಮಾರು 1360ರ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷಕ್ಕೆ, ಸುಮಾರು 1400ರ ಅಭಿನವಚಂದ್ರನ ‘ಅಶ್ವವೈದ್ಯ’ವು ಕುದುರೆಗಳಿಗೆ ಮೀಸಲು. ಒಕ್ಕಲಿಗನಿಗೆ ದನವೂ ಅರಸನಿಗೆ ಕುದುರೆಯೂ ಎಲ್ಲರಿಗೂ ಹಾವಿನ ಭಯವೂ ಇದ್ದ ನಾಡಿನಲ್ಲಿ ಯಾವ ಅಂಗವು ಮೊದಲು ದೇಶಭಾಷೆಗೆ ಇಳಿಯಿತೆಂಬುದು ಆಶ್ಚರ್ಯವಲ್ಲ. ಇವುಗಳ ಸಾಲಿನಲ್ಲಿ ಶಲ್ಯಕ್ಕೇ ಮೀಸಲಾಗಿ ಹೆಸರಾದ ಕನ್ನಡ ಗ್ರಂಥವು ಕಾಣುವುದಿಲ್ಲ.

ಅಷ್ಟರಲ್ಲಿ ಹಕ್ಕಿಯ ಎರಡು ರೆಕ್ಕೆಗಳೂ ಬೇರೆಬೇರೆಯಾಗಿದ್ದುವು. ಗ್ರಂಥವು ಪಂಡಿತರ ಮನೆಯಲ್ಲಿ ಉಳಿಯಿತು. ಶಸ್ತ್ರವು ಓದುಬರಹವಿಲ್ಲದ ಕುಲವೃತ್ತಿಯವರ ಕೈಗೆ ಹೋಯಿತು. ಶವಸ್ಪರ್ಶದ ಮೈಲಿಗೆ, ರಕ್ತದ ಹೇಸಿಗೆ, ಜಾತಿಯ ಕಟ್ಟು ಇವೆಲ್ಲ ಕಾರಣಗಳಾಗಿದ್ದಿರಬೇಕು. ಕಣ್ಣಿನ ಪೊರೆಯನ್ನು ಸೂಜಿಯಿಂದ ಕೆಳಕ್ಕೆ ನೂಕುವವರು ಊರಿಂದೂರಿಗೆ ತಿರುಗುತ್ತಿದ್ದರು. ಹುಣ್ಣು ಕೊಯ್ಯುವವನು ಕ್ಷೌರಿಕನಾದನು. ಇವರೂ ಒಂದರ್ಥದಲ್ಲಿ ಏಕಾಂಗಜ್ಞರೇ. ಆದರೆ ಅಂಗಿಯನ್ನು ಕಾಣದ ಅಂಗಜ್ಞರು. ಅವರ ಕೈಗೆ ಪುಸ್ತಕವಿರಲಿಲ್ಲ, ಪಂಡಿತರ ಪುಸ್ತಕಕ್ಕೆ ಕೈಯಿರಲಿಲ್ಲ.

ಇದಕ್ಕೆ ಅತ್ಯುತ್ತಮವಾದ ನಿದರ್ಶನವು ನಮ್ಮ ಮೈಸೂರಿನ ಯುದ್ಧದ ಪ್ರಸಂಗದಿಂದಲೇ ದೊರೆಯುತ್ತದೆ. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ 1790ರಿಂದ 1792ರ ವರೆಗೆ ನಡೆದ ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವವರ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಈ ಕ್ರಿಯೆಯನ್ನು ಕಣ್ಣಾರೆ ಕಂಡವರು. ಅದರ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು.

ಕ್ರಮವು ಹೀಗೆ: ಮೊದಲು ಮೇಣದ ತೆಳುವಾದ ತಗಡನ್ನು ಮೂಗಿನ ಮೊಂಡಿಗೆ ಒಪ್ಪುವಂತೆ ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಎಳೆಯನ್ನು ಕಡಿಯದೆ ಉಳಿಸಿದನು. ರಕ್ತವು ಆ ಎಳೆಯ ಮೂಲಕ ಹರಿದು ಚರ್ಮವನ್ನು ಬದುಕಿಸುವುದೆಂಬ ಮರ್ಮವು ಅವನಿಗೆ ಗೊತ್ತಿತ್ತು. ಬಳಿಕ ಮೊಂಡಿಯ ಹಳೆಯ ಗಾಯದ ಕಲೆಯನ್ನು ಹೆರೆದು, ಚರ್ಮವನ್ನು ಅರೆಸುತ್ತು ತಿರುಗಿಸಿ ಅಲ್ಲಿ ಕೂಡಿಸಿ, ನೀರಿನಲ್ಲಿ ನೆನೆಸಿದ ಕಾಚನ್ನು ಸವರಿದ ಬಟ್ಟೆಯ ಪಟ್ಟಿಗಳನ್ನು ಐದಾರು ಪದರವಾಗಿ ಹಾಕಿದನು. ನಾಲ್ಕು ದಿನಗಳ ಮೇಲೆ ಅವನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಹುಬ್ಬಿನ ನಡುವಣ ಎಳೆಯನ್ನು ಕತ್ತರಿಸುವುದು. ಸುಶ್ರುತನು ಸೂತ್ರಸ್ಥಾನದಲ್ಲಿ ಹೇಳಿದ ನಾಸಾಸಂಧಾನದಲ್ಲಿ ಅಳತೆಗೆ ಮರದ ಎಲೆ, ಚರ್ಮವು ಕೆನ್ನೆಯದು, ಹೊಳ್ಳೆಗಳಿಗೆ ಹರಳಿನ ಗಿಡದ ನಾಳ. ಇಟ್ಟಿಗೆಯವನದು ಮೇಣ, ಹಣೆ, ಬಟ್ಟೆ. ಮೂಲವು ಒಂದೇ ಇರಬಹುದು. ಆದರೆ ಗ್ರಂಥದಲ್ಲಿದ್ದುದು ಗ್ರಂಥದಲ್ಲಿಯೇ ನಿಂತಾಗ ಕೈಯಲ್ಲಿದ್ದುದು ತಲೆಮಾರಿನಿಂದ ತಲೆಮಾರಿಗೆ ಬೆಳೆದು ಹಣೆಯ ಚರ್ಮವನ್ನು ಹಿಡಿಯಿತು. ಎತ್ತು ಹೊಡೆದವನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಮೂಗನ್ನು ಕಟ್ಟಿದವನನ್ನು ಅವನ ಕುಲದಿಂದ ಮಾತ್ರ ಗುರುತಿಸಲಾಯಿತು.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಈ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು, ಶವಗಳ ಮೇಲೆ ಅಭ್ಯಾಸಮಾಡಿ, 1814ರಲ್ಲಿ ಜೀವಂತ ರೋಗಿಗೆ ಈ ಕ್ರಿಯೆಯನ್ನು ನಡೆಸಿ, 1816ರಲ್ಲಿ ಗ್ರಂಥವನ್ನು ಬರೆದನು. ಯೋಗ್ಯಾ, ಕರ್ಮ, ಗ್ರಂಥ ಮೂರೂ ಅಲ್ಲಿ ಒಬ್ಬನಲ್ಲಿ ಕೂಡಿದುವು.

ಹಾಗೆಂದು ಇಂಗ್ಲೆಂಡಿನಲ್ಲಿ ಎಲ್ಲವೂ ಮೊದಲಿನಿಂದ ನೆಟ್ಟಗಿತ್ತೆಂದು ತಿಳಿಯಬಾರದು. ಅಲ್ಲಿಯೂ ಮೂರು ಜಾತಿಗಳು. ಲ್ಯಾಟಿನ್ ಓದಿ ನಾಡಿ ನೋಡಿ ಮದ್ದು ಬರೆದುಕೊಡುವ ವೈದ್ಯರಿಗೆ 1518ರಲ್ಲಿ ಕಾಲೇಜು ಆಯಿತು; ಅವರು ಕೈಯನ್ನು ಕೊಳೆ ಮಾಡಿಕೊಳ್ಳುತ್ತಿರಲಿಲ್ಲ. ಶಸ್ತ್ರವೈದ್ಯರು 1540ರಿಂದ 1745ರ ವರೆಗೆ ಕ್ಷೌರಿಕರೊಡನೆ ಒಂದೇ ಸಂಘದಲ್ಲಿದ್ದರು. ಮದ್ದನ್ನು ಅರೆದು ಮಾರುವವನು ಮೂರನೆಯವನು. ಬಡವನ ಮನೆಗೆ ಬರುತ್ತಿದ್ದವನು ಇವನೇ. 1704ರ ಒಂದು ನ್ಯಾಯತೀರ್ಪಿನಿಂದ ಇವನಿಗೆ ರೋಗಿಗೆ ಸಲಹೆ ಹೇಳುವ ಹಕ್ಕು ಸಿಕ್ಕಿತು. 1815ರ ಶಾಸನದಿಂದ ಶಿಕ್ಷಣವೂ ಪರೀಕ್ಷೆಯೂ ಕಡ್ಡಾಯವಾದುವು. ಈ ಮದ್ದಿನಂಗಡಿಯವನ ವಂಶದಲ್ಲಿ ಹುಟ್ಟಿದವನೇ ಇಂದಿನ ಸಾಮಾನ್ಯವೈದ್ಯನು. 1886ರ ಶಾಸನವು ಕಾಯಚಿಕಿತ್ಸೆ, ಶಸ್ತ್ರಚಿಕಿತ್ಸೆ, ಪ್ರಸೂತಿ ಮೂರರಲ್ಲಿಯೂ ಪರೀಕ್ಷೆ ಕೊಡದವನಿಗೆ ಹೊಸದಾಗಿ ವೃತ್ತಿಯ ಪಟ್ಟಿಯಲ್ಲಿ ಎಡೆಯಿಲ್ಲವೆಂದಿತು.

ಒಂದೇ ಅಂಗವನ್ನು ಹಿಡಿದವನೆಂದರೆ ಅಲ್ಲಿಯೂ ಬಹುಕಾಲ ಮೋಸಗಾರನೆಂಬ ಭಾವನೆಯಿತ್ತು. ಅದಕ್ಕೆ ಕಾರಣವೂ ಇತ್ತು. ಊರೂರು ತಿರುಗುತ್ತಿದ್ದ ನೇತ್ರವೈದ್ಯ ಜಾನ್ ಟೇಲರ್ ಎಂಬವನು 1750ರಲ್ಲಿ ಜರ್ಮನಿಯ ಮಹಾಸಂಗೀತಕಾರ ಬಾಖನ ಕಣ್ಣಿಗೆ ಎರಡು ಸಲ ಶಸ್ತ್ರವಿಟ್ಟನು. ದೃಷ್ಟಿ ಬರಲಿಲ್ಲ, ಆ ಜುಲೈಯಲ್ಲಿ ಬಾಖನು ತೀರಿಕೊಂಡನು. ಕಣ್ಣಿಗೆಂದೇ ಲಂಡನ್ನಿನಲ್ಲಿ 1805ರಲ್ಲಿ ತೆರೆದ ಆಸ್ಪತ್ರೆಯಂಥವುಗಳಲ್ಲಿ ಸಾವಿರಾರು ರೋಗಿಗಳು ಒಂದೆಡೆ ನೆರೆದು, ಕಲಿತ ವೈದ್ಯರು ಅಲ್ಲಿ ನಿಂತು ಕೆಲಸಮಾಡಿದ ಮೇಲೆಯೇ ಆ ಕಳಂಕವು ತೊಳೆಯಿತು.

ಭಾರತದಲ್ಲಿ ಮುರಿದ ರೆಕ್ಕೆಯನ್ನು ಮತ್ತೆ ಕೂಡಿಸಲು ಮುಂದಾದವರಲ್ಲಿ ಪಂಡಿತ ಮಧುಸೂದನ ಗುಪ್ತನ ಹೆಸರು ದೊಡ್ಡದು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿಸುತ್ತಿದ್ದ ಈ ವೈದ್ಯಕುಲದ ಪಂಡಿತನು, 1835ರಲ್ಲಿ ಅಲ್ಲಿನ ವೈದ್ಯತರಗತಿಯು ನಿಂತು ಮೆಡಿಕಲ್ ಕಾಲೇಜು ಸ್ಥಾಪಿತವಾದಾಗ ಅಲ್ಲಿಗೆ ಸೇರಿ, 1836ರಲ್ಲಿ ತನ್ನ ಕೈಯಿಂದಲೇ ಶವಚ್ಛೇದನವನ್ನು ಮಾಡಿದನು. ಸುಶ್ರುತಸಂಹಿತೆಯ ಮುದ್ರಣವನ್ನು ನೋಡಿಕೊಂಡವನೂ ಅವನೇ. ಪಂಜರ, ನದಿ, ಕುಂಚಗಳನ್ನು ಓದಿ ಪಾಠ ಹೇಳಿದ ಕೈಯೇ ಕತ್ತಿಯನ್ನು ಹಿಡಿಯಿತು. ಶತಮಾನಗಳ ಮೇಲೆ ಪಂಡಿತನೊಬ್ಬನು ಸುಶ್ರುತನ ಮಾತನ್ನು ನಡೆಸಿದುದು ಇಂಗ್ಲಿಷ್ ಕಾಲೇಜಿನ ಚಾವಡಿಯಲ್ಲಿ ಎಂಬುದರಲ್ಲಿ ನಾಚಿಕೆಪಡತಕ್ಕ ಅಂಶವೂ ಉಂಟು, ಹೆಮ್ಮೆಪಡತಕ್ಕ ಅಂಶವೂ ಉಂಟು.

ಮುಂದೆ ಈ ದೇಶದಲ್ಲಿ ಎರಡು ತರದ ಡಾಕ್ಟರುಗಳು ತಯಾರಾದರು: ವಿಶ್ವವಿದ್ಯಾನಿಲಯದ ಪದವೀಧರರು ಮತ್ತು ವೈದ್ಯಶಾಲೆಗಳಲ್ಲಿ ಸುಮಾರು ನಾಲ್ಕು ವರ್ಷ ಕಲಿತ ಲೈಸೆನ್ಷಿಯೇಟರು. ಎರಡನೆಯವರನ್ನು ನಮ್ಮ ಜನ ಎಲ್. ಎಂ. ಪಿ. ಡಾಕ್ಟರೆಂದು ಕರೆದರು. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೆಂಗಳೂರಿನಲ್ಲಿ ಇಂಥ ಶಾಲೆ ಆರಂಭವಾಗಿ, 1924ರಲ್ಲಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ತಾಲ್ಲೂಕಿನ ಕಸಬೆಗಳಲ್ಲಿ ಹೆರಿಗೆ, ಹುಣ್ಣು, ಮಲೇರಿಯ, ಮೂಳೆಮುರಿತ ಎಲ್ಲವನ್ನೂ ನೋಡುತ್ತ, ಬಹುಮಂದಿ ರೋಗಿಗಳು ತಮ್ಮ ಆಯುಷ್ಯದಲ್ಲಿ ಕಂಡ ಒಬ್ಬನೇ ಡಾಕ್ಟರಾಗಿದ್ದವನು ಈ ಎಲ್. ಎಂ. ಪಿ.ಯೇ.

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ಲೆಕ್ಕ ಹಾಕಿದಾಗ ದೇಶದಲ್ಲಿ ನೋಂದಣಿಯಾಗಿದ್ದ ಸುಮಾರು 47,500 ಡಾಕ್ಟರುಗಳಲ್ಲಿ ಸುಮಾರು 30,000 ಮಂದಿ ಲೈಸೆನ್ಷಿಯೇಟರು. ಹಣವೂ ಅಧ್ಯಾಪಕರೂ ಕಡಿಮೆ ಇರುವಾಗ ಒಂದೇ ಬಗೆಯ ಚೆನ್ನಾಗಿ ಕಲಿತ ಮೂಲವೈದ್ಯನನ್ನು ತಯಾರಿಸುವುದು ಒಳ್ಳೆಯದು, ಕಡಿಮೆ ಕಲಿಕೆಯ ಶಾಖೆಯನ್ನು ನಿಲ್ಲಿಸಬೇಕು ಎಂದು ಬಹುಮತದ ಸಲಹೆ. ಕೆಲವು ಸದಸ್ಯರು ಭಿನ್ನಮತವನ್ನು ಬರೆದರು. ಹಳ್ಳಿಗಳ ಕೊರತೆಯು ತೀರುವ ತನಕ ಲೈಸೆನ್ಷಿಯೇಟರನ್ನು ಬಿಡಬಾರದೆಂಬುದು ಅವರ ವಾದ. ಬಹುಮತದವರ ಉದ್ದೇಶವು ಉದಾತ್ತವಾಗಿತ್ತು: ಗ್ರಾಮಸ್ಥನಿಗೆ ಎರಡನೆಯ ದರ್ಜೆಯ ವೈದ್ಯನೇಕೆ ಎಂಬ ಪ್ರಶ್ನೆಗೆ ಯಾರೂ ಸುಲಭವಾಗಿ ಉತ್ತರ ಹೇಳಲಾರರು. ಆದರೆ ಮೊದಲ ದರ್ಜೆಯವನಾಗಿ ಕಲಿತವನು ಪಟ್ಟಣದಲ್ಲಿಯೇ ನಿಂತನು, ಮತ್ತಷ್ಟು ಕಲಿತು ಒಂದಂಗದ ತಜ್ಞನಾದನು. ಆ ಅಲ್ಪಮತದ ಟಿಪ್ಪಣಿಯನ್ನು ಅಂದು ಇನ್ನಷ್ಟು ಗಮನದಿಂದ ಓದಿದ್ದರೆ ಚೆನ್ನಾಗಿತ್ತು.

ತಜ್ಞರಿಂದ ಆದ ಉಪಕಾರವು ಸಣ್ಣದಲ್ಲ. ಬೆಂಗಳೂರಿನಲ್ಲಿ ಕಣ್ಣಿಗೆ ಮಿಂಟೋ, ಕ್ಯಾನ್ಸರಿಗೆ ಕಿದ್ವಾಯಿ, ಮನಸ್ಸಿಗೂ ನರಗಳಿಗೂ 1974ರಿಂದ ನಿಮ್ಹಾನ್ಸ್, ಹೃದಯಕ್ಕೆ ಜಯದೇವ ಎಂದು ಹಳ್ಳಿಯವರೂ ಇಂದು ಹೆಸರು ಹಿಡಿದು ಹೇಳುತ್ತಾರೆ. ಯಾವ ಬಾಗಿಲನ್ನು ತಟ್ಟಬೇಕೆಂದು ಹೇಳುವವನೇ ಕಡಿಮೆಯಾದನು. ಎದೆಯುರಿಗೆ ಹೃದಯದ ತಜ್ಞನ ಬಳಿಯೂ, ಹೃದಯದ ನೋವಿಗೆ ಹೊಟ್ಟೆಯ ತಜ್ಞನ ಬಳಿಯೂ ದಿನಗಳೆಯುವ ರೋಗಿಯು ಚರಕನ ಕಾಲದಲ್ಲಿ ಇರಲಿಲ್ಲವೆಂದಲ್ಲ, ಆದರೆ ಅವನ ಬಸ್ಸಿನ ಖರ್ಚು ಇಷ್ಟಾಗುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 1952ರಲ್ಲಿ ಸಾಮಾನ್ಯವೈದ್ಯರು ತಮ್ಮದೇ ಕಾಲೇಜನ್ನು ಸ್ಥಾಪಿಸಿದರು. ಅಮೆರಿಕದಲ್ಲಿ 1969ರಲ್ಲಿ ಕುಟುಂಬವೈದ್ಯವನ್ನೇ ಒಂದು ವಿಶೇಷಶಾಖೆಯೆಂದು ಅಂಗೀಕರಿಸಿದರು. ಎಲ್ಲವನ್ನೂ ನೋಡುವುದೇ ಒಂದಂಗವಾಯಿತು! ಭಾರತದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನವು ಸೀಮಿತವಾದ ಅನುಮತಿಯುಳ್ಳ ಸಮುದಾಯ ಆರೋಗ್ಯ ಸೇವಕರೆಂಬ ವರ್ಗಕ್ಕೆ ಎಡೆಮಾಡಿದಾಗ, ಲೈಸೆನ್ಷಿಯೇಟರ ವಾದವೇ ವೇಷ ಬದಲಿಸಿ ಮರಳಿ ಬಂದಂತೆ ತೋರಿತು.

ಮರುವರ್ಷವೇ ಇನ್ನೊಂದು ವಾದವೂ ಮರಳಿತು. 2020ರ ನವೆಂಬರಿನಲ್ಲಿ ಭಾರತೀಯ ವೈದ್ಯಪದ್ಧತಿಗಳ ಕೇಂದ್ರ ಪರಿಷತ್ತು, ಶಲ್ಯ ಮತ್ತು ಶಾಲಾಕ್ಯಗಳಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆಯುವ ಆಯುರ್ವೇದವೈದ್ಯರು ಕಲಿತು ಮಾಡತಕ್ಕ 58 ಶಸ್ತ್ರಕ್ರಿಯೆಗಳ ಪಟ್ಟಿಯನ್ನು ಪ್ರಕಟಿಸಿತು. ಅವುಗಳಲ್ಲಿ 39 ಶಲ್ಯದವು, 19 ಶಾಲಾಕ್ಯದವು. ಕಣ್ಣಿನ ಪೊರೆಯೂ ಸೇರಿತ್ತು. ಸುಶ್ರುತನ ಹೆಸರನ್ನು ಒಂದು ಪಕ್ಷದವರು ಎತ್ತಿದರು. ಪದ್ಧತಿಗಳನ್ನು ಬೆರೆಸಬಾರದೆಂದು ಇನ್ನೊಂದು ಪಕ್ಷದವರು ಹೇಳಿದರು. ಸುಶ್ರುತನನ್ನು ಸಾಕ್ಷಿಗೆ ಕರೆಯುವುದಾದರೆ ಅವನು ಪದವಿಯ ಹೆಸರನ್ನು ಕೇಳುವುದಕ್ಕೆ ಮೊದಲು, ಕೈಯು ಎಷ್ಟು ಸಲ ಎಲ್ಲೆಲ್ಲಿ ಯಾರ ಮುಂದೆ ಅಭ್ಯಾಸಮಾಡಿತೆಂದು ಇಬ್ಬರನ್ನೂ ಕೇಳುತ್ತಿದ್ದನು. ಡಿಸೆಂಬರ್ 11ರಂದು ಬೆಳಗಿನ ಆರರಿಂದ ಸಂಜೆಯ ಆರರ ವರೆಗೆ ಭಾರತೀಯ ವೈದ್ಯಕೀಯ ಸಂಘದ ಡಾಕ್ಟರುಗಳು ದೇಶಾದ್ಯಂತ ಕೆಲಸವನ್ನು ನಿಲ್ಲಿಸಿದರು. ತುರ್ತು ರೋಗಿಗಳನ್ನೂ ಕೋವಿಡ್ ರೋಗಿಗಳನ್ನೂ ಮಾತ್ರ ಎಂದಿನಂತೆ ನೋಡಿದರು.